ಹಸಿರು ಚೂರಿನ ದುರ್ಬೀನು

ನಮ್ಮ ಮಾವನವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಿತ್ತು. ಮರ ಕಡೆಯುವ ಲೇತಿನ ಮುಂದೆ ಕೂತು, ಕೊರೆದ ತೂತು ನೆಟ್ಟಗಿದೆಯೋ ಇಲ್ಲವೋ ಎಂದು ಜೀವಮಾನವಿಡೀ ಒಂದೇ ಕಣ್ಣಲ್ಲಿ ನೋಡಿದವರು. ಮುಚ್ಚಿ ಮುಚ್ಚಿ ಎಡಗಣ್ಣು ಹಾಗೇ ಕಿರಿದಾಗಿ ಉಳಿದಿತ್ತು. ಹುಬ್ಬಿನಲ್ಲಿ ಸದಾ ಮರದ ಪುಡಿ. ನಮ್ಮ ಜೊತೆ ಮಾತಾಡುವಾಗಲೂ, ಇವರು ಎಲ್ಲಿ ಸೊಟ್ಟಗಿದ್ದಾರೆ ಎಂದು ಹುಡುಕುವವರ ಹಾಗೆ ನೋಡುತ್ತಿದ್ದರು.

ಮಾನ್ವಿಯಲ್ಲಿ ಮನೆಗೆ ಹೊಂದಿಕೊಂಡ ಸಣ್ಣ ಅಂಗಡಿ. ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲ ಕಂಬಿ ಕಡೆಯುವುದು ಹೊಟ್ಟೆಪಾಡು. ದುರ್ಬೀನು ಮಾತ್ರ ಮಾರಾಟಕ್ಕಲ್ಲ, ಮೊಮ್ಮಕ್ಕಳಿಗೆ. ಬೇವಿನ ತುಂಡನ್ನು ಕಡೆದು ಕೊಳವೆ ಮಾಡಿ, ಒಳಗೆ ಮೂರು ಕನ್ನಡಿ ಪಟ್ಟಿ ಕೂಡಿಸಿ, ತುದಿಯಲ್ಲಿ ಎರಡು ಗಾಜಿನ ನಡುವೆ ಬಳೆಚೂರು ತುಂಬುತ್ತಿದ್ದರು. ಕಣ್ಣಿಗಿಟ್ಟು ತಿರುಗಿಸಿದರೆ ಹೂವು ಅರಳಿ ಮತ್ತೊಂದು ಹೂವಾಗುತ್ತಿತ್ತು. ಮಕ್ಕಳು ಗಡಿಬಿಡಿಯಲ್ಲಿ ಕುಲುಕಿದರೆ ಸಿಡುಕುತ್ತಿದ್ದರು: "ಅಲ್ಲಾಡಸಬ್ಯಾಡ, ತಿರುವು. ನಿಧಾನಕ ತಿರುವು."

ಬಳೆ ಎಲ್ಲಿಯದೋ ಆದರೆ ನಡೆಯುತ್ತಿರಲಿಲ್ಲ. ಬಸುರಿಗೆ ಏಳು ತಿಂಗಳಾದಾಗ ಕುಬಸ ಮಾಡಿ ಮುಂಗೈ ತುಂಬ ಹಸಿರು ಬಳೆ ಇಡಿಸುತ್ತಾರಲ್ಲ, ಹೆರಿಗೆಯಾದ ಮೇಲೆ ಆ ಬಳೆಗಳಲ್ಲಿ ನಾಲ್ಕನ್ನು ಕೇಳಿ ಪಡೆದು, ತಾವೇ ಕತ್ತರಿಸಿ ಆ ಕೂಸಿನ ದುರ್ಬೀನಿಗೆ ಹಾಕುತ್ತಿದ್ದರು. ರಾಯಚೂರಿಗೆ ಕೊಟ್ಟ ಮಗಳ ಇಬ್ಬರು ಮಕ್ಕಳಿಗೂ ಹಾಗೇ ಮಾಡಿದ್ದರು. "ಹೊಟ್ಟ್ಯಾಗಿದ್ದಾಗ ಕೂಸು ಕೇಳಿದ್ದು ಇದರ ಸಪ್ಪಳಾನ. ಈಗ ಕಣ್ಣಿಲೆ ನೋಡ್ಲಿ," ಎನ್ನುತ್ತಿದ್ದರು.

ನನ್ನ ಕುಬಸ ದೇವದುರ್ಗದ ತವರಿನಲ್ಲಿ ಆಯಿತು. ಹದಿನೈದು ದಿನಕ್ಕೆ ನನ್ನ ಗಂಡ, ಮಾವನವರ ಒಬ್ಬನೇ ಮಗ, ಕವಿತಾಳದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ನನ್ನನ್ನು ಮಾನ್ವಿಗೆ ಕರೆತಂದರು. ಹೆಣ ಇನ್ನೂ ಅಂಗಳದಲ್ಲಿತ್ತು, ಮಾವನವರ ಅಕ್ಕ ನನ್ನನ್ನು ಕಲ್ಲಿನ ಮುಂದೆ ಕೂರಿಸಿದಳು. ನಾವು ಅವಳನ್ನು ದೊಡ್ಡತ್ತೆ ಎನ್ನುತ್ತಿದ್ದೆವು. "ಕೈ ಕೊಡು," ಎಂದಳು. ನಾನು ಕೈ ಹಿಂದಕ್ಕೆಳೆದುಕೊಂಡೆ. "ನಂದೂ ಒಡದಾರ. ನಾ ಸತ್ತೇನೇನ?" ಎಂದು ಗದರಿದಳು. ನಾಲ್ಕು ಹೆಂಗಸರು ಹಿಡಿದುಕೊಂಡರು. ಬಳೆ ಒಡೆಯಿತು, ಮುಂಗೈ ಸೀಳಿ ರಕ್ತ ಬಂತು. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು.

ನಾನು ನೋಡಿದ್ದು ಮಾವನವರನ್ನು. ಅವರ ಮಾತಿಗೆ ಇಡೀ ಓಣಿ ಬೆಲೆ ಕೊಡುತ್ತಿತ್ತು. ಒಂದು ಸಲ "ಬಿಡ್ರಿ" ಎಂದಿದ್ದರೆ ಸಾಕಿತ್ತು. ಪಡಸಾಲೆಯ ಕಂಬ ಹಿಡಿದು ತಲೆ ತಗ್ಗಿಸಿ ನಿಂತರು. ಮಗ ಸತ್ತ ಅಪ್ಪ ಅವರು, ನನಗೆ ಗೊತ್ತು. ಗಂಡ ಸತ್ತವಳು ನಾನು. ನನ್ನ ಕೈಯನ್ನು ನಾಲ್ಕು ಜನ ಹಿಡಿದಿದ್ದರು, ಅವರ ಕೈಯನ್ನು ಯಾರು ಹಿಡಿದಿದ್ದರು?

ಹೆರಿಗೆಗೆ ದೇವದುರ್ಗಕ್ಕೆ ಹೋದವಳು ಅಲ್ಲೇ ಉಳಿದೆ. ಮಗಳು ಹುಟ್ಟಿ ಮೂರು ತಿಂಗಳಿಗೆ ಮಾವನವರು ಬಸ್ಸಿಳಿದು ಬಂದರು. ಪಂಚೆಯ ತುದಿಯಲ್ಲಿ ಸುತ್ತಿದ್ದ ದುರ್ಬೀನನ್ನು ಬಿಚ್ಚಿ ಚಾಪೆಯ ಮೇಲಿಟ್ಟರು. ಒಳಗೆ ಹಸಿರು.

"ಯಾರ ಬಳೆಚೂರು ಇವು?" ಎಂದೆ.

"ನಿನ್ನವ. ಮಣ್ಣು ಮಾಡಿ ಬಂದಮ್ಯಾಲ ಅಂಗಳದಾಗ ಆರಿಸಿಟ್ಟಿದ್ದೆ."

ನನಗೆ ಮೈಯೆಲ್ಲ ಉರಿಯಿತು. "ಆರಸಾಕ ಬಂತು, ಬ್ಯಾಡ ಅನ್ನಾಕ ಬರಲಿಲ್ಲೇನ್ರಿ?"

"ಇಲ್ಲವ್ವಾ, ಬರಲಿಲ್ಲ," ಎಂದರು. ಪದ್ಧತಿ ಎನ್ನಲಿಲ್ಲ, ದುಃಖದಲ್ಲಿದ್ದೆ ಎನ್ನಲಿಲ್ಲ. ನೀರು ಕುಡಿದು ಅದೇ ಬಸ್ಸಿಗೆ ಹೋದರು. ಒಡೆದ ಬಳೆ ಕೂಸಿಗೆ ಅಪಶಕುನ ಎಂದು ನಮ್ಮವ್ವ ದುರ್ಬೀನನ್ನು ತಿಪ್ಪೆಗೆಸೆಯಲು ಹೊರಟಳು. ನಾನು ಕಸಿದುಕೊಂಡೆ. ಅಪಶಕುನ ಬಳೆಯಲ್ಲಿತ್ತೋ, ಒಡೆದವರ ಕೈಯಲ್ಲಿತ್ತೋ?

ಮಗಳಿಗೆ ಮೂರು ತುಂಬಿದಾಗ ಮಾನ್ವಿಗೆ ಮರಳಿದೆ. ಮಾವನವರು ಲೇತನ್ನು ಗೋಡೆಗೆ ಸರಿಸಿ ನನ್ನ ಹೊಲಿಗೆ ಯಂತ್ರಕ್ಕೆ ಅರ್ಧ ಅಂಗಡಿ ಬಿಟ್ಟುಕೊಟ್ಟರು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ದುರ್ಬೀನು ಹಿಡಿಯುವುದನ್ನು ಕಲಿಸಿದರು. ಒಂದು ದಿನ ರಾಯಚೂರಿನಿಂದ ಒಂದು ಡಜನ್ ಹಸಿರು ಬಳೆ ತಂದು ಯಂತ್ರದ ಮೇಲಿಟ್ಟರು. "ಇಟಗೊ ಅನ್ನಾಕ ನನಗ ಬಾಯಿಲ್ಲ. ತಂದೀನಿ, ಅಷ್ಟ." ನಾನು ಅವತ್ತೇ ಹಾಕಿಕೊಂಡೆ. ದೊಡ್ಡತ್ತೆ ನೋಡಿ ಮುಖ ತಿರುಗಿಸಿದಳು. ಅವಳ ಮಾತಿಗೆ ಎಡೆಯಾಗದಿರಲೆಂದೇ ಮಾವನವರು ಲೇತು ಜೋರು ಮಾಡಿದರು.

ಕೊನೆಗೆ ಹಾಸಿಗೆ ಹಿಡಿದಾಗ, ಅವರ ಹೆಂಡತಿ, ನಮ್ಮತ್ತೆ, ನೀರು ತರಲು ಒಳಗೆ ಹೋದ ಹೊತ್ತು ನೋಡಿ ನನ್ನನ್ನು ಕರೆದರು. "ನಾ ಹೋದ ದಿನ ನಿಮ್ಮತ್ತಿ ಕೈ ಮುಟ್ಟಾಕ ಕೊಡಬ್ಯಾಡ. ನನ್ನಂಗ ಕಂಬ ಹಿಡಕೊಂಡು ನಿಂದ್ರಬ್ಯಾಡ."

ಹೋದ ವರ್ಷ ಹೋದರು. ಅದೇ ಅಂಗಳ, ಅದೇ ಕಲ್ಲು. ದೊಡ್ಡತ್ತೆ ಬಂದಳು. ಅತ್ತೆ, ಯಾರೂ ಕೇಳುವ ಮೊದಲೇ, ತಾನಾಗಿಯೇ ಕೈ ಮುಂದೆ ಚಾಚಿದಳು. ಅದನ್ನು ಕಂಡು ನನಗೆ ಬಂದ ಸಿಟ್ಟು ನನ್ನ ಬಳೆ ಒಡೆದಾಗಲೂ ಬಂದಿರಲಿಲ್ಲ. ಪಕ್ಕದಲ್ಲಿ ಕೂತು ಆಕೆಯ ಎರಡೂ ಮುಂಗೈಯನ್ನು ನನ್ನ ಕೈಯಿಂದ ಮುಚ್ಚಿದೆ.

"ಮಾವ ಬ್ಯಾಡಂದಾರ," ಎಂದೆ.

"ಸತ್ತಾವ ಬಂದು ಹೇಳತಾನೇನ?" ಎಂದಳು ದೊಡ್ಡತ್ತೆ.

"ಇದ್ದಾಗ ಹೇಳ್ಯಾರ. ಒಡೀಬೇಕಂದ್ರ ಮೊದಲ ನನ್ನ ಕೈಮ್ಯಾಲ ಹೊಡೀರಿ."

ದೊಡ್ಡತ್ತೆ ನನ್ನ ಮುಂಗೈಯ ಹಳೆಯ ಗಾಯದ ಗೆರೆಯನ್ನು ನೋಡಿದಳು. ತನ್ನ ಬೋಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಎದ್ದು ಹೋದಳು.

ಈಗ ಅತ್ತೆ ರೊಟ್ಟಿ ಬಡಿಯುವಾಗ ಬಳೆ ಸಪ್ಪಳ ಅಂಗಡಿಯವರೆಗೆ ಕೇಳುತ್ತದೆ. ಅದನ್ನು ಕೇಳಿದಾಗಲೆಲ್ಲ ಮಾವನವರ ಋಣ ನೆನೆಯುತ್ತೇನೆ, ಅವರ ಮೇಲೆ ಸಿಟ್ಟೂ ಬರುತ್ತದೆ. ಅವತ್ತು ನಾನು ಆಡಿದ್ದು ಎರಡೇ ಮಾತು. ಅಷ್ಟಕ್ಕೇ ಬಳೆ ಒಡೆಯುವುದು ನಿಂತುಹೋಯಿತು.

ನನ್ನ ಸಲವೂ ಅಷ್ಟೇ ಸಾಕಾಗಿತ್ತು, ಮಾವ.