ಹೊಸ್ತಿಲಲ್ಲಿ ಉಳಿದ ಒಡಪು

ಫೆಬ್ರವರಿ ಹದಿನಾಲ್ಕರಂದು ಪಾಠ ಮಾಡಲು ನನಗೆ ಮನಸ್ಸಿರಲಿಲ್ಲ, ಕೇಳಲು ಹುಡುಗಿಯರಿಗೂ ಇರಲಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಹಾಗಿದ್ದರೆ ಇವತ್ತಿನ ದಿನದ ಇತಿಹಾಸವನ್ನೇ ಹೇಳಿ ಎಂದು ಪಟ್ಟು ಹಿಡಿದರು. ಪ್ರೇಮಿಗಳ ದಿನದ ಬಗ್ಗೆ ಕೇಳಲು ಇವರಿಗೆ ನಾನೇ ಸಿಗಬೇಕೆ? ಗಂಡ ತೀರಿಕೊಂಡು ಎರಡು ವರ್ಷವಾಗಿದೆ, ಮಕ್ಕಳಿಲ್ಲ. ಬನಹಟ್ಟಿಯ ನನ್ನ ಮನೆಯಲ್ಲಿ ದನಿ ತೆಗೆಯುವುದು ಕುಕ್ಕರ್ ಒಂದೇ.

ಆದರೂ ಹೇಳಿದೆ. ರೋಮಿನ ಒಬ್ಬ ಪಾದ್ರಿ ರಾಜನ ಕಣ್ಣು ತಪ್ಪಿಸಿ ಸೈನಿಕರಿಗೆ ಮದುವೆ ಮಾಡಿಸಿ ತಲೆ ಕಳೆದುಕೊಂಡನಂತೆ, ಪುರಾವೆ ಮಾತ್ರ ಕೇಳಬೇಡಿ ಎಂದೆ. ಈ ಹೊತ್ತಿಗೆ ಹಕ್ಕಿಗಳು ಜೋಡಿ ಹುಡುಕುತ್ತವೆ ಎಂದು ಇಂಗ್ಲೆಂಡಿನವರು ನಂಬಿದ್ದರು. ಜಪಾನಿನಲ್ಲಿ ಹೆಂಗಸರು ಚಾಕೊಲೇಟ್ ಕೊಡುತ್ತಾರೆ, ಗಂಡಸರು ತಿಂಗಳು ಬಿಟ್ಟು ಉಡುಗೊರೆ ಕೊಡಬೇಕು. ಕೊರಿಯಾದಲ್ಲಿ ಯಾರಿಂದಲೂ ಏನೂ ಸಿಗದವರು ಏಪ್ರಿಲಿನಲ್ಲಿ ಒಂದು ದಿನ ಕಪ್ಪು ಸಾಸಿನ ಶಾವಿಗೆ ತಿನ್ನುತ್ತಾರೆ. ಹುಡುಗಿಯರು ನಕ್ಕರು. ದಿನಾ ಒಬ್ಬಳೇ ಉಣ್ಣುವ ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಕೊನೆಗೆ ಡೆನ್ಮಾರ್ಕಿಗೆ ಬಂದೆ. ಅಲ್ಲಿ ಪ್ರಾಸದ ತಮಾಷೆ ಪದ್ಯ ಬರೆದು, ಹೆಸರಿನ ಜಾಗದಲ್ಲಿ ಅಕ್ಷರಕ್ಕೊಂದು ಚುಕ್ಕಿ ಇಟ್ಟು ಕಳಿಸುತ್ತಾರೆ. ಯಾರದೆಂದು ಪಡೆದವರೇ ಊಹಿಸಬೇಕು.

ಹುನ್ನೂರಿನಿಂದ ಬರುವ ಹುಡುಗಿ ಎದ್ದು ನಿಂತಳು. “ಇದು ನಮ್ಮ ಒಡಪ ಇದ್ದಂಗ ಐತಲ್ರಿ ಮೇಡಂ. ಗಂಡನ ಹೆಸರ ಸುಮ್ನ ಹೇಳಂಗಿಲ್ಲ, ಪ್ರಾಸ ಕಟ್ಟೇ ಹೇಳಬೇಕು. ನೀವೊಂದು ಹೇಳ್ರಿ.”

ಪಕ್ಕದವಳು ಅವಳ ಕೈ ಚಿವುಟಿದಳು. ಇಡೀ ತರಗತಿ ಗಪ್ಪಾಯಿತು. ಗಂಡ ಸತ್ತವಳಿಗೆ ನಮ್ಮಲ್ಲಿ ಯಾರೂ ಒಡಪು ಹೇಳೆನ್ನುವುದಿಲ್ಲ. ಆ ಹುಡುಗಿಯ ಮಾತಿಗಿಂತ ಉಳಿದವರ ಮೌನಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಪುಸ್ತಕ ತೆಗೆಯಿರಿ ಎಂದು ಗದರಿದೆ.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಹಳೆಯದೆಲ್ಲ ನೆನಪಿಗೆ ಬಂತು. ಹೊಸ ಸೊಸೆ ಹೊಸ್ತಿಲು ದಾಟುವ ಮುಂಚೆ ನಾದಿನಿಯರು ಬಾಗಿಲು ತಡೆಯುತ್ತಾರೆ. ಗಂಡನ ಹೆಸರು ಸೇರಿಸಿ ಒಡಪು ಹೇಳಿದರಷ್ಟೇ ದಾರಿ. ತವರು ಮುಧೋಳದಲ್ಲಿ ನಮ್ಮ ಚಿಗವ್ವ ಒಂದು ವಾರ ನನಗೆ ಬಾಯಿಪಾಠ ಮಾಡಿಸಿದ್ದಳು. ಬನಹಟ್ಟಿಯ ಈ ಮನೆಯ ಬಾಗಿಲಲ್ಲಿ ನಿಂತಾಗ ಒಂದಕ್ಷರ ನೆನಪಾಗಲಿಲ್ಲ. ನಾದಿನಿಯರು ಬಿಡಲೊಲ್ಲರು.

“ರಾಹುಕಾಲ ಬರಾಕತ್ತೈತಿ, ಒಳಗ ಬಿಡ್ರವಾ. ನಾಳಿ ಹೇಳ್ತಾಳ,” ಎಂದರು ಅತ್ತೆ.

ಹೀಗೆ ಒಡಪು ಹೇಳದೆಯೇ ಒಳಗೆ ಬಂದೆ. ನನ್ನವರು ಮುಧೋಳ–ಬೀಳಗಿ ಬಸ್ಸಿನ ಕಂಡಕ್ಟರ್. ಅವರಿಗೆ ಇಷ್ಟು ಸಾಕಾಯಿತು. “ಟಿಕೀಟ್ ಇಲ್ದ ಹೊಕ್ಕಾಕಿ ನೀ. ಮದಲ ಟಿಕೀಟ್ ತಗೋ,” ಎಂದು ವರ್ಷಗಟ್ಟಲೆ ಕಾಡಿದರು. ಉಣ್ಣುವಾಗ ಕೇಳುವರು, ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ ಕೇಳುವರು. “ಹೇಳ್ತೇನ್ರಿ, ಅವಸರೇನೈತಿ?” ಎನ್ನುತ್ತಿದ್ದೆ.

ಖರೆ ಹೇಳಬೇಕೆಂದರೆ, ಮದುವೆಯ ಮರುದಿನ ಬೆಳಿಗ್ಗೆಯೇ ಒಡಪು ನೆನಪಾಗಿತ್ತು. ಹೇಳಿಬಿಟ್ಟರೆ ಅವರು ಕೇಳುವುದು ನಿಂತುಹೋಗುತ್ತಿತ್ತು. ಅವರು ಕೇಳುವುದು ನನಗೆ ಬೇಕಾಗಿತ್ತು.

ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲೂ ಕೇಳಿದರು, “ಈಗರ ಹೇಳ್ತೀಯೇನ?” ನಾನು ಅಲ್ಲೂ ಹಟ ಬಿಡಲಿಲ್ಲ. “ಮನಿಗೆ ನಡೀರಿ, ಬಾಗಲದಾಗ ನಿಂತು ಹೇಳ್ತೇನಿ,” ಎಂದೆ. ಆಸೆ ಹಚ್ಚಿದರೆ ಏಳುತ್ತಾರೆ ಎಂದುಕೊಂಡಿದ್ದೆ. ಅವರು ಏಳಲಿಲ್ಲ. ಅವತ್ತು ಅವರ ಕಿವಿಯಲ್ಲಿ ಹೇಳಿಬಿಡಬೇಕಿತ್ತು. ಇದೊಂದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಬನಹಟ್ಟಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಓಣಿಯ ಮಗ್ಗಗಳು ಎಂದಿನಂತೆ ಖಟಖಟ ಅನ್ನುತ್ತಿದ್ದವು. ಬೀಗ ತೆಗೆದೆ, ಬಾಗಿಲು ನೂಕಿದೆ. ಒಳಗೆ ಕಾಲಿಡಲಿಲ್ಲ. ಚೌಕಟ್ಟು ಹಿಡಿದು ಹೊರಗೇ ನಿಂತೆ.

“ತವರಿನ ದಾರಿಗಿ ಬೇವಿನ ನೆರಳ ಆಸರ,
ಹೊಸ್ತಿಲ ದಾಟೂ ಮದಲ ಹೇಳತೇನಿ ನನ್ನ ರಾಯರ ಹೆಸರ.”

ಆಮೇಲೆ ಹೆಸರು ಹೇಳಿದೆ. ಇಷ್ಟು ವರ್ಷ ಅರ್ಜಿಗಳಲ್ಲಿ ಬರೆದಿದ್ದೆ, ಬಾಯಿಬಿಟ್ಟು ಅಂದಿರಲಿಲ್ಲ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮಗ್ಗದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಬಾಗಿಲು ತಡೆಯುವವರು ಇರಲಿಲ್ಲ, ದಾರಿ ಬಿಡುವವರೂ ಇರಲಿಲ್ಲ. “ಟಿಕೀಟ್ ತಗೊಂಡೀನ್ರಿ,” ಎಂದು ಒಳಗೆ ಕಾಲಿಟ್ಟೆ.