ರನ್‌ವೇ ಮೇಲೆ ಕುರಿಗಳು

ಪೈಲಟ್ ಲೈಸೆನ್ಸ್ ಪಡೆದಿದ್ದ ನಮ್ಮ ಕಾಕಾ ಜಮಖಂಡಿ ಹೊರಗಿನ ಹೊಲವೊಂದನ್ನೇ ರನ್‌ವೇ ಮಾಡಿಕೊಂಡಿದ್ದರು. ಒಮ್ಮೆ ಶಿವರಾತ್ರಿಯಿಡೀ ಉಪವಾಸ, ಜಾಗರಣೆ ಮಾಡಿ, ಬೆಳಿಗ್ಗೆಯೇ ತಮ್ಮ ಪುಟ್ಟ ವಿಮಾನ ಹಾರಿಸಲು ಹೊರಟರು. ಎಂಥ ಸ್ಟಬರ್ನ್ ಮನುಷ್ಯ!

“ನಿದ್ದಿಗಣ್ಣಾಗ ಹಾರಬ್ಯಾಡ್ರಿ,” ಎಂದಳು ಅವರ ಹೆಂಡತಿ, ನನ್ನ ಚಿಗವ್ವ.

“ಮ್ಯಾಲ ಏನ್ ಚಕ್ಕಡಿ ಅಡ್ಡ ಬರ್ತಾವೇನು?”

ಚಿಗವ್ವ, ನಾನು ಅವರ ಹಿಂದೆಯೇ ಹೊಲಕ್ಕೆ ಹೋದರೆ ರನ್‌ವೇ ತುಂಬ ಕುರಿ! ಗೊಬ್ಬರದ ನೆಪದಲ್ಲಿ ಚಿಗವ್ವನೇ ಹಿಂದಿನ ದಿನ ಮಂದೆ ನಿಲ್ಲಿಸಿದ್ದಳು.

“ಎಬ್ಬಸಲೇ ಅವನ್ನ!” ಕಾಕಾ ಕುರುಬನಿಗೆ ಕೂಗಿದರು.

“ಬಿಸಲು ಏರ್ಲಿರೀ. ಅಕ್ಕಾರು ಹೇಳ್ಯಾರ,” ಎಂದ ಕುರುಬ.

ಸಿಟ್ಟಿನಿಂದ ವಿಮಾನದ ರೆಕ್ಕೆಯ ನೆರಳಲ್ಲಿ ಕುಳಿತ ಕಾಕಾ ಕ್ಷಣದಲ್ಲೇ ಗೊರಕೆ ಹೊಡೆಯತೊಡಗಿದರು.

“ನೋಡವಾ, ಈ ನಿದ್ದಿ ಮ್ಯಾಲ ಹತ್ತಿದ್ರ?” ಎಂದು ಚಿಗವ್ವ ನನಗೆ ಹೇಳಿ, ಸೆರಗಿನಿಂದ ಅವರಿಗೆ ಗಾಳಿ ಬೀಸಿದಳು. ಆ ಮಾತು ಇನ್ನೂ ನೆನಪಿದೆ.

ಮಧ್ಯಾಹ್ನ ಎಚ್ಚರವಾದ ಕಾಕಾ ಕೇಳಿದ್ದೇನು? “ಕುರಿ ಹೋದ್ವೇನು?” ಹೋಪ್‌ಲೆಸ್!