ನೇರಳೆ ನಿಲುವಂಗಿ ಬಂದ ವಾರ

ಸ್ವೀಡನ್ನಿನ ಸೊಲ್ಲೆಂಟುನಾದ ನಮ್ಮ ಮನೆಯಲ್ಲಿ ಆ ವಾರ ನಾನೂ ಯಜಮಾನರೂ ಮಾತು ಬಿಟ್ಟಿದ್ದೆವು. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿದೆ. ನಮ್ಮ ಸರದಿ ಬುಕ್ ಮಾಡುತ್ತೇನೆಂದವರು ಮರೆತರು, ನಾನು ನಾಲ್ಕು ಮಾತು ಹೆಚ್ಚೇ ಅಂದೆ. ಆಮೇಲೆ ಉಪ್ಪಿನಕಾಯಿ ಬೇಕಾದರೂ ಮಗಳ ಮೂಲಕ ಕೇಳುವುದಾಯಿತು.

ಹದಿನಾರರ ಮಗಳು ಮರುದಿನ ತರಗತಿಯಲ್ಲಿ ಮಾತಾಡಬೇಕಿತ್ತು. ಪ್ರಾಚೀನ ಯೆಹೂದಿ ಅರಸರು ಸಿರಿಯಾದ ಗ್ರೀಕ್ ದೊರೆಗಳ ಹಿಡಿತದಿಂದ ಹೇಗೆ ಬಿಡಿಸಿಕೊಂಡರು ಎಂಬುದು ವಿಷಯ. ಹುರುಳಿಕಾಯಿಯ ನಾರು ತೆಗೆಯುತ್ತ ನಾನು ಕೇಳಲು ಕುಳಿತೆ.

"ದಂಗೆ ಎದ್ರು, ಗೆದ್ರು. ಅಷ್ಟೇ ಅಲ್ವೇನೇ?"

"ಅಷ್ಟೇ ಅಲ್ಲಮ್ಮ. ದೇವಾಲಯ ವಾಪಸ್ ಸಿಕ್ತು, ಆದ್ರೆ ಗ್ರೀಕರ ಎಂಪೈರ್ ಇನ್ನೂ ಇತ್ತಲ್ಲ. ಆಮೇಲೆ ಅಲ್ಲಿ ಸಿಂಹಾಸನಕ್ಕೆ ಇಬ್ಬರು ಕಿತ್ತಾಡಿದ್ರು. ಒಬ್ಬ ಯೆಹೂದಿಗಳ ಲೀಡರ್‌ಗೆ ಸೈನ್ಯ ಇಟ್ಕೋ ಅಂದ. ಇನ್ನೊಬ್ಬ ನೀನೇ ಮಹಾಯಾಜಕ ಅಂತ ನೇರಳೆ ನಿಲುವಂಗಿ, ಚಿನ್ನದ ಕಿರೀಟ ಕಳಿಸ್ದ."

"ಇವನು ಯಾರ ಕಡೆ?"

"ಇಬ್ಬರ ಹತ್ರಾನೂ ಇಸ್ಕೊಂಡ. ಆಮೇಲೆ ಕಿರೀಟದವನ ಕಡೆ ಹೋದ. ಇವನಾದ್ಮೇಲೆ ಬಂದ ಅಣ್ಣನ ಕಾಲಕ್ಕೆ ಇನ್ನೊಬ್ಬ ರಾಜ ಕಂದಾಯಾನೂ ಬಿಟ್ಟುಬಿಟ್ಟ."

"ಹಾಗಾದ್ರೆ ಸ್ವಾತಂತ್ರ್ಯಾನ ಇವರು ಕಿತ್ಕೊಂಡ್ರಾ, ಅವರೇ ಕೊಟ್ರಾ?"

"ನಾಳೆ ಟೀಚರ್ ಅದನ್ನೇ ಕೇಳ್ತಾರೆ," ಎಂದು ಕಾಗದ ಮಡಚಿದಳು. "ಅಂದಹಾಗೆ ಶುಕ್ರವಾರ ದ್ವೀಪಕ್ಕೆ ಹೋಗ್ತಿದೀನಿ."

ಗೆಳತಿಯ ಮನೆಯವರ ಬೇಸಿಗೆ ಮನೆ ಅದು. ಹುಡುಗಿಯರೇ ನಾಲ್ವರು, ಮೂರು ದಿನ, ಹಿರಿಯರು ಯಾರೂ ಇಲ್ಲ. ತಿಂಗಳ ಹಿಂದೆಯೇ ನಾನು ಬೇಡವೆಂದಿದ್ದೆ.

"ಯಾರು ಹೂಂ ಅಂದ್ರು?"

"ಅಪ್ಪ. ನೀನು ಬಟ್ಟೆ ಸರದಿ ವಿಷಯಕ್ಕೆ ಬೈದ್ಯಲ್ಲ, ಅವತ್ತು."

ನೇರ ಹಾಲಿಗೆ ಹೋದೆ. ಮೂರು ದಿನದ ಮೇಲೆ ಆಡಿದ ಮೊದಲ ಮಾತು: "ರೀ, ನನ್ನ ಕೇಳ್ದೆ ಹೂಂ ಅಂದ್ರಾ?"

"ಫೋನಲ್ಲಿ ಅವಳು ಎಲ್ಲಿದಾಳೆ ಅಂತ ಕಾಣತ್ತಲ್ಲ, ಅದಕ್ಕೇ ಅಂದೆ."

ಫೋನಿನಲ್ಲಿ ಅವಳಿರುವ ಜಾಗ ಕಾಣುತ್ತಿರಬೇಕೆಂಬುದು ಅವರು ಮಾಡಿದ್ದ ನಿಯಮ. ಅದನ್ನು ಆಫ್ ಮಾಡಿಕೋ ಎಂದು ಮಂಗಳವಾರ ಮಗಳಿಗೆ, ಅವರ ಮೇಲಿನ ಸಿಟ್ಟಿಗೆ, ನಾನೇ ಹೇಳಿದ್ದೆ.

ಯಾರನ್ನು ಬಯ್ಯುವುದು? ಅವಳು ಸುಳ್ಳು ಹೇಳಿರಲಿಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದ್ದಳು, ಅಷ್ಟೆ. ಕೊಟ್ಟ ಒಪ್ಪಿಗೆ ಹಿಂದಕ್ಕೆ ಪಡೆಯೋಣವೆಂದರೆ ಅವರು ನನ್ನ ಮುಖ ನೋಡಿದರು, ನಾನು ಅವರದು. ಬೇಡ ಎನ್ನುವ ಕೆಲಸವನ್ನು ಇಬ್ಬರೂ ಇನ್ನೊಬ್ಬರಿಗೇ ಬಿಟ್ಟೆವು.

ಶುಕ್ರವಾರ ಅವಳ ಚೀಲಕ್ಕೆ ಚಪಾತಿ, ಚಟ್ನಿಪುಡಿ ತುಂಬಿದೆ. ಅವಳು ಬೇಡವೆನ್ನಲಿಲ್ಲ, ಅದಕ್ಕೆ ಸಂತೋಷಪಡಬೇಕೋ ಏನೋ ತಿಳಿಯದು. ಸಂಜೆ ಯಜಮಾನರು ಪಕ್ಕದಲ್ಲಿ ಕೂತು ಫೋನಿನ ನಕ್ಷೆಯನ್ನು ದೊಡ್ಡದು ಮಾಡಿದರು, ಚಿಕ್ಕದು ಮಾಡಿದರು.

"ಕಾಣ್ತಿಲ್ಲ ಕಣೇ."

"ಹೇಗ್ ಕಾಣತ್ತೆ," ಎಂದೆ. ಆದರೂ ನಾನೂ ಬಗ್ಗಿ ನೋಡಿದೆ.